ಮೆಟ್ಟಿಲ ಕೆಳಗಿನ ಕೋಣೆಯಿಂದ ಶುರು ಮಾಡಿ

ನಮಸ್ಕಾರ,

ಡೇವಿಡ್ ಮಾರ್ಷಲ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಒಂದು ಸಾಲಿನ ವಿಷಾದ ಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ನೀವು ಆರಿಸಿಕೊಂಡ ಮನುಷ್ಯರೇ ಅಂಥವರು.

ನಿಮ್ಮ ಮೊದಲ ಪುಟ ಹೀಗಿದೆ: 1908ರಲ್ಲಿ ಸಿಂಗಪುರದಲ್ಲಿ ಜನನ, ಬಾಗ್ದಾದ್ ಮೂಲದ ಯಹೂದಿ ಕುಟುಂಬ, ಲಂಡನ್ನಿನಲ್ಲಿ ಕಾನೂನು ಓದು, ಯುದ್ಧ, ಜಪಾನೀಯರ ಸೆರೆ, 1955ರಲ್ಲಿ ಸಿಂಗಪುರದ ಮೊದಲ ಮುಖ್ಯಮಂತ್ರಿ. ಎಲ್ಲವೂ ಸರಿಯೇ. ಆದರೆ ಇದು ಬಯೋಡೇಟಾ ಆಯ್ತು, ಅಲ್ವಾ? ಜಪಾನಿನ ಹೊಕ್ಕೈಡೋ ದ್ವೀಪದ ಸೆರೆಗೆ ಅರ್ಧ ಸಾಲು, 'ಅಪ್ರತಿಮ ವಾಕ್ಚಾತುರ್ಯ'ಕ್ಕೆ ಎಂಟು ಸಾಲು. ಆ ಎಂಟರಲ್ಲಿ ಅವರು ಏನು ವಾದಿಸಿದರು ಅನ್ನೋದೇ ಇಲ್ಲ.

ನಾಲ್ಕನೇ ಪುಟದ ಕೊನೆಗೆ ಬರೆದಿದ್ದೀರಿ: 'ಆರಂಭದಲ್ಲಿ ಅವರಿಗೆ ಕಚೇರಿಯ ಸೌಲಭ್ಯ ಸರಿಯಾಗಿರಲಿಲ್ಲ.' ಅಯ್ಯೋ, ಕತೆ ಇರೋದೇ ಅಲ್ಲಿ! ಚುನಾವಣೆ ಗೆದ್ದು ಬಂದ ಮುಖ್ಯಮಂತ್ರಿಗೆ ಬ್ರಿಟಿಷ್ ಗವರ್ನರ್ ಕೂರಲು ಒಂದು ಕೋಣೆ ಕೊಟ್ಟಿರಲಿಲ್ಲ. ಹಾಗಾದರೆ ಸರ್ಕಾರಿ ಕಚೇರಿಗಳಿದ್ದ ಎಂಪ್ರೆಸ್ ಪ್ಲೇಸಿನ ಮರದ ಕೆಳಗೇ ಮೇಜು ಹಾಕಿಕೊಳ್ಳುತ್ತೇನೆ ಎಂದು ಮಾರ್ಷಲ್ ಹೆದರಿಸಿದರು. ಚುನಾವಣೆಗೆ ಮುಂಚೆ ಅವರು ಭಾಷಣ ಮಾಡುತ್ತಿದ್ದ ಮರ ಅದು. ಆಮೇಲೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಪುಟ್ಟ ಕೋಣೆ. 32 ಜನರ ಶಾಸನಸಭೆಯಲ್ಲಿ ಜನ ಆರಿಸಿದವರು 25, ಅದರಲ್ಲಿ ಇವರ ಲೇಬರ್ ಫ್ರಂಟ್ ಪಕ್ಷದವರು 10. ಖಜಾನೆ, ಭದ್ರತೆ ಎರಡೂ ಬ್ರಿಟಿಷರ ಕೈಯಲ್ಲೇ ಇದ್ದವು. ಹೆಸರಿಗೆ ಮಾತ್ರ ಮುಖ್ಯಮಂತ್ರಿ ಎಂದು ನೀವು ಹೇಳುವುದೇ ಬೇಡ, ಆ ಕೋಣೆ ತೋರಿಸಿ ಸಾಕು.

ಅವರು ವಕೀಲರು ಎಂದು ಐದು ಸಲ ಬರೆದಿದ್ದೀರಿ. ಆ ವಕೀಲಿಕೆ ರಾಜಕೀಯದಲ್ಲಿ ಎಲ್ಲಿ ಕಂಡಿತು? ನನಗನ್ನಿಸುವುದು, ಅವರು ಕೊನೆವರೆಗೂ ಜ್ಯೂರಿಯ, ಅಂದರೆ ಕೋರ್ಟಿನಲ್ಲಿ ತೀರ್ಪು ಹೇಳಲು ಕೂರಿಸಿದ ಜನಸಾಮಾನ್ಯರ, ಮುಂದೆ ನಿಂತವರ ಹಾಗೇ ಮಾತಾಡಿದರು. ಎದುರಿಗಿದ್ದವರ ಮನಸ್ಸು ಅಲ್ಲೇ ಗೆಲ್ಲಬೇಕು. 1956ರಲ್ಲಿ ಸ್ವಯಮಾಡಳಿತ ಕೇಳಲು ನಿಯೋಗದ ಜೊತೆ ಲಂಡನ್ನಿಗೆ ಹೋದರು, ಸಿಗದಿದ್ದರೆ ರಾಜೀನಾಮೆ ಎಂದೂ ಹೇಳಿದ್ದರು. ಅಲ್ಲಿ ಜ್ಯೂರಿ ಇರಲಿಲ್ಲ. ಬರಿಗೈಯಲ್ಲಿ ಬಂದರು, ಜೂನ್‌ನಲ್ಲಿ ಕುರ್ಚಿ ಬಿಟ್ಟರು. ಬರೀ 14 ತಿಂಗಳು. ಅದೇ ನಿಯೋಗದಲ್ಲಿ ಇನ್ನೊಬ್ಬ ವಕೀಲರಿದ್ದರು, ಲೀ ಕ್ವಾನ್ ಯೂ. 1959ರಲ್ಲಿ ಸ್ವಯಮಾಡಳಿತ ಬಂದಾಗ ಪ್ರಧಾನಿಯಾದವರು ಅವರು.

ಈ ಇಬ್ಬರು 1969ರಲ್ಲಿ ಮತ್ತೆ ಎದುರುಬದುರಾದರು. ಜ್ಯೂರಿ ಪದ್ಧತಿಯನ್ನೇ ತೆಗೆಯುವ ಮಸೂದೆ ಸಂಸತ್ತಿನ ಸಮಿತಿಯ ಮುಂದಿತ್ತು, ಮಾರ್ಷಲ್ ಅದನ್ನು ಉಳಿಸಲು ವಾದಿಸಿದರು. ನೂರು ಕೊಲೆ ಕೇಸಿನಲ್ಲಿ ಎಷ್ಟು ಜನರನ್ನು ಬಿಡಿಸಿದ್ದೀರಿ ಎಂದು ಲೀ ಕೇಳಿದರು. ತೊಂಬತ್ತೊಂಬತ್ತು ಎಂದರು ಮಾರ್ಷಲ್. ಅವರಿಗೆ ಅದು ಹೆಮ್ಮೆ, ಲೀಗೆ ಜ್ಯೂರಿ ಯಾಕೆ ಬೇಡ ಅನ್ನೋದಕ್ಕೆ ಪುರಾವೆ. ಜ್ಯೂರಿ ಹೋಯಿತು. ನಿಮ್ಮ ಲೇಖನದಲ್ಲಿ ಈ ಪ್ರಸಂಗವೇ ಇಲ್ಲ!

ಇನ್ನು 'ಅಲ್ಪಸಂಖ್ಯಾತರಾಗಿದ್ದರೂ ಸಾಧಿಸಿದರು' ಎಂಬ ಮಾತು. ಆ 'ಇದ್ದರೂ' ನನಗೆ ಹಿಡಿಸಲಿಲ್ಲ. ಚೀನೀಯರೇ ಜಾಸ್ತಿ ಇರುವ ಊರಲ್ಲಿ ಯಹೂದಿಗಳು ಬೆರಳೆಣಿಕೆಯಷ್ಟು. ತನ್ನವರು ಅಂತ ನೆಚ್ಚಿಕೊಳ್ಳುವ ವೋಟೇ ಇಲ್ಲ. ಚೀನಾದಲ್ಲಿ ಹುಟ್ಟಿ ಸಿಂಗಪುರದಲ್ಲೇ ನೆಲೆಸಿದವರಿಗೆ ಪೌರತ್ವ ಕೊಡಿ ಎಂದು ಅವರು ಪಟ್ಟು ಹಿಡಿದದ್ದಕ್ಕೂ, ಶಾಸನಸಭೆಯಲ್ಲಿ ಇಂಗ್ಲಿಷ್ ಜೊತೆ ಮಲಯ್, ಚೀನೀ, ತಮಿಳಿಗೂ ಜಾಗ ಕೇಳಿದ್ದಕ್ಕೂ ಇದಕ್ಕೂ ನಂಟಿದೆಯೇ? ಇದೆ ಅಂತ ನನ್ನ ಗುಮಾನಿ. ನೀವು ಒಪ್ಪದಿದ್ದರೆ ಜಗಳ ಆಡಿ, ಸುಮ್ನೆ ದಾಟಿಹೋಗಬೇಡಿ.

ಕೊನೆಯ ಪ್ಯಾರಾ ಕೂಡ ತೀರಾ ಮೆತ್ತಗಿದೆ. ತಾವು ಟೀಕಿಸುತ್ತಲೇ ಬಂದ ಸರ್ಕಾರ 1978ರಲ್ಲಿ ಕರೆದಾಗ ರಾಯಭಾರಿಯಾಗಿ ಫ್ರಾನ್ಸಿಗೆ ಹೋದರು, 1993ರವರೆಗೆ ಆ ಕೆಲಸದಲ್ಲಿದ್ದರು. 'ದೇಶಸೇವೆ ಮುಂದುವರಿಸಿದರು' ಎಂದು ಬರೆದು ಮುಗಿಸಿದ್ದೀರಿ. ಯಾಕೆ ಒಪ್ಪಿದರು ಅನ್ನೋ ಪ್ರಶ್ನೆ ನಿಮಗೆ ಬರಲೇ ಇಲ್ಲವೇ?

ತಿದ್ದಿ ಕಳಿಸಿ, ಅರ್ಧಕ್ಕೆ ಇಳಿದರೂ ಪರವಾಗಿಲ್ಲ. ಹುಟ್ಟಿದ ಇಸವಿ ನಡುವೆ ಎಲ್ಲಾದರೂ ಬರಲಿ. 'ಅಪ್ರತಿಮ' ಕಂಡರೆ ನಾನೇ ಹೊಡೆದುಹಾಕುತ್ತೇನೆ.