ಉತ್ತರ: ಅಡಿಕೆ ಲೆಕ್ಕದ ಸಾಫ್ಟ್‌ವೇರ್‌ಗೆ ಒಂದು ಸಾಲು

ನಮಸ್ಕಾರ. ಶಿರಸಿಯ ಅಡಿಕೆ ವ್ಯಾಪಾರಿಗಳಿಗಾಗಿ ಮಾಡಿದ ಲೆಕ್ಕದ ಸಾಫ್ಟ್‌ವೇರ್‌ಗೆ ‘ಸ್ಮಾರ್ಟ್, ಸಮಗ್ರ, ಮುಂದಿನ ಪೀಳಿಗೆಯ ಪರಿಹಾರ’ ಅನ್ನುವ ಸಾಲು ಹೇಗಿದೆ ಅಂತ ಕೇಳಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ಇದೇ ಸಾಲನ್ನು ಮಿಕ್ಸಿಗೂ ಅಂಟಿಸಬಹುದು.

ಪದಗಳನ್ನು ಸುಮ್ನೆ ಒಮ್ಮೆ ತಿರುಗಿಸಿ ನೋಡಿ. ‘ನಮ್ಮದು ದಡ್ಡ, ಅರೆಬರೆ, ಹಳೇ ಕಾಲದ ಸಾಫ್ಟ್‌ವೇರ್’ ಅಂತ ಯಾರಾದರೂ ಬರೆಯುತ್ತಾರಾ? ಇಲ್ಲ ಅಲ್ವಾ? ಹಾಗಾದರೆ ನಿಮ್ಮ ಪದಗಳೂ ಏನೂ ಹೇಳುತ್ತಿಲ್ಲ. 2001ರಲ್ಲಿ ಆಪಲ್ ಐಪಾಡ್ ತಂದಾಗ ‘ಜೇಬಿನಲ್ಲಿ 1,000 ಹಾಡು’ ಎಂದಿತು. ಅದರೊಳಗಿದ್ದದ್ದು 5 ಜಿಬಿ ಡಿಸ್ಕ್. ಆದರೆ ಜಿಬಿ ಲೆಕ್ಕ ಯಾರಿಗೆ ಬೇಕು, ಹಾಡಿನ ಲೆಕ್ಕ ಎಲ್ಲರಿಗೂ ಗೊತ್ತು.

ನಿಮ್ಮ ಗಿರಾಕಿ ದಿನಾ ಆಡುವ ಮಾತು ಅಡಿಕೆಯ ಬಗೆಗಳ ಹೆಸರು: ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು. ಅದನ್ನೇ ಬಳಸಿ. ‘ರಾಶಿಯಾಗಲಿ ಚಾಲಿಯಾಗಲಿ, ತೂಕ ಹಾಕಿ, ಬಿಲ್ ತಗೊಳ್ಳಿ’ ಅಂದರೆ ಸಾಕು. (‘ಪರಿಹಾರ’ ಅಂದರೆ ನಮ್ಮ ಮಾವನಿಗೆ ಅಡಿಕೆಯ ಕೊಳೆರೋಗಕ್ಕೆ ಸರ್ಕಾರ ಕೊಡುವ ದುಡ್ಡೇ ನೆನಪಾಗುವುದು!)

ಇನ್ನೊಂದು, ನೆಟ್‌ವರ್ಕ್ ಇಲ್ಲದಿದ್ದರೂ ಇದು ಓಡುತ್ತದಾ? ಓಡಿದರೆ ಬೇರೆಲ್ಲ ಬಿಟ್ಟು ಅದನ್ನೇ ಮೊದಲು ಬರೆಯಿರಿ. ಘಟ್ಟದ ಮಳೆಗಾಲ ನಿಮಗೂ ಗೊತ್ತಲ್ಲ.