ಓದುಗರ ಪ್ರಶ್ನೆ: ಪ್ಲಾಸ್ ಮೌರ್ ಮನೆಯ ಬಣ್ಣ

ಪ್ರಶ್ನೆ: ಮಗಳ ಮನೆಗೆಂದು ಬ್ರಿಟನ್ನಿಗೆ ಹೋಗಿದ್ದಾಗ ಉತ್ತರ ವೇಲ್ಸ್‌ನ ಕಾನ್ವಿ ಪಟ್ಟಣದಲ್ಲಿ ಪ್ಲಾಸ್ ಮೌರ್ ಎಂಬ ಹಳೆಯ ಮನೆಯನ್ನು ನೋಡಿದೆ. ಒಳಗಿನ ಗಾರೆಯ ಉಬ್ಬುಚಿತ್ರಗಳಿಗೆ ಜಾತ್ರೆಯ ತೇರಿಗೆ ಬಳಿದಂಥ ಗಾಢ ಬಣ್ಣ ಬಳಿದಿದ್ದಾರೆ. ನಾನೂರು ವರ್ಷ ದಾಟಿದ ಮನೆಗೆ ಇದು ಸರಿಯೇ? ಅಲ್ಲಿ 365 ಕಿಟಕಿಗಳಿವೆ ಎಂಬುದು ನಿಜವೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಸರಿಯೇ. ನಿಮ್ಮ ಕಣ್ಣಿಗೆ ಹೊಸದಾಗಿ ಕಂಡದ್ದೇ ಆ ಮನೆಯ ಹಳೆಯ ರೂಪಕ್ಕೆ ಹತ್ತಿರವಾದದ್ದು. ರಾಜತಾಂತ್ರಿಕರ ಸೇವೆಯಲ್ಲಿ ಯುರೋಪನ್ನು ಸುತ್ತಿ ಬಂದ ರಾಬರ್ಟ್ ವಿನ್ ಈ ಮನೆಯನ್ನು 1576ರಿಂದ 1585ರವರೆಗೆ ಮೂರು ಹಂತಗಳಲ್ಲಿ ಕಟ್ಟಿಸಿದನು. ಮೆಟ್ಟಿಲುಗಳಂತೆ ಏರುವ ಅದರ ಗೋಡೆನೆತ್ತಿಗಳಲ್ಲಿ ಆ ತಿರುಗಾಟದ ಗುರುತು ಕಾಣುತ್ತದೆ. ಒಳಗೆ ಒಲೆಯ ಮೇಲಿನ ಗೋಡೆಯ ಮುಂದೆ ನಿಂತು ನೋಡಿದರೆ ಆಗಿನ ರಾಣಿ ಮೊದಲನೆಯ ಎಲಿಜಬೆತ್‌ಳ ರಾಜಲಾಂಛನ, ಅವಳ ಟ್ಯೂಡರ್ ವಂಶದ ಗುರುತಾದ ಗುಲಾಬಿಗಳು, ಇವುಗಳ ನಡುವೆ ‘ಆರ್.ಡಬ್ಲ್ಯೂ.’ ಎಂಬ ಯಜಮಾನನ ಹೆಸರಿನ ಮೊದಲಕ್ಷರಗಳು ಕಾಣುತ್ತವೆ. ಅತಿಥಿಗಳ ಎದುರು ತನ್ನ ಮನೆತನವನ್ನೂ ರಾಜನಿಷ್ಠೆಯನ್ನೂ ಮೆರೆಸಲು ಮಾಡಿಸಿದ ಈ ಕೆಲಸ ಮಂಕಾಗಿ ಇರಬೇಕೆಂದು ಅವನು ಬಯಸಿರಲಾರ.

1993ರಲ್ಲಿ ಮನೆಯ ಹೊಣೆ ವೇಲ್ಸ್‌ನ ಪರಂಪರೆ ಸಂಸ್ಥೆಯಾದ ಕಾಡ್ವ್‌ಗೆ ಬಂದಿತು. ಮುಂದಿನ ದುರಸ್ತಿಯಲ್ಲಿ, ಗಾರೆಯ ಸಂದುಗಳಲ್ಲಿ ಉಳಿದಿದ್ದ ಬಣ್ಣದ ಕುರುಹುಗಳನ್ನು ಪರೀಕ್ಷಿಸಿ, ಅವುಗಳ ಆಧಾರದ ಮೇಲೆಯೇ ಕೆಲವು ಕೋಣೆಗಳಿಗೆ ಮತ್ತೆ ಬಣ್ಣ ಹಚ್ಚಿದರು. ಹೊರಗೋಡೆಗಳಿಗೂ ಸುಣ್ಣದ ಗಾರೆಯೇ ಬಂತು. ಒರಟು ಕಲ್ಲಿನ ಗೋಡೆ ಹೀರಿದ ತೇವವನ್ನು ಸುಣ್ಣ ಹೊರಬಿಡುತ್ತದೆ, ಸಿಮೆಂಟು ಒಳಗೇ ಹಿಡಿದಿಡುತ್ತದೆ. ನಮ್ಮ ಹಳೆಯ ಗಾರೆ ಕೆಲಸದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಇಷ್ಟೆಲ್ಲ ಉಳಿದದ್ದಕ್ಕೆ ಒಂದು ವಿಚಿತ್ರ ಕಾರಣವಿದೆ. 1598ರಲ್ಲಿ ತೀರಿಕೊಂಡ ವಿನ್ ಬರೆದಿಟ್ಟ ಉಯಿಲು ಎಷ್ಟು ಗೋಜಲಾಗಿತ್ತೆಂದರೆ ಅದರ ವ್ಯಾಜ್ಯ 1630ರವರೆಗೂ ನಡೆಯಿತು. ಅಷ್ಟು ಕಾಲ ಯಾರೂ ಮನೆಯನ್ನು ಕೆಡವಿ ಹೊಸ ಮಾದರಿಯಲ್ಲಿ ಕಟ್ಟಿಸಲಾಗಲಿಲ್ಲ. ಆಮೇಲೆ ಒಡೆತನ ಮೋಸ್ಟಿನ್ ಮನೆತನಕ್ಕೆ ಹೋಯಿತು, ಮನೆ ಬಾಡಿಗೆಗೆ ನಡೆಯಿತು. 1887ರಿಂದ ಒಂದು ಶತಮಾನಕ್ಕೂ ಹೆಚ್ಚು ಕಾಲ ಚಿತ್ರಕಲಾವಿದರ ರಾಯಲ್ ಕೇಂಬ್ರಿಯನ್ ಅಕಾಡೆಮಿ ಅಲ್ಲಿತ್ತು.

ಇನ್ನು 365 ಕಿಟಕಿ, 52 ಬಾಗಿಲುಗಳ ಮಾತು. ಅದನ್ನು ಐತಿಹ್ಯವೆಂದೇ ಕೇಳಿ. ಇಂಥದೇ ಪಂಚಾಂಗದ ಲೆಕ್ಕವನ್ನು ಇಂಗ್ಲೆಂಡಿನ ಕೆಂಟ್ ಪ್ರಾಂತದ ನೋಲ್ ಅರಮನೆಯ ಬಗೆಗೂ ಹೇಳುತ್ತಾರೆ.