ಪ್ರಬಂಧಗಳನ್ನು ಎಣಿಸುವವರಿಗೆ ಒಂದು ಉತ್ತರ

ಪ್ರಶ್ನೆ: ನನಗೆ 39 ವರ್ಷ, ರಸಾಯನಶಾಸ್ತ್ರದ ಸಹಾಯಕ ಪ್ರಾಧ್ಯಾಪಕ. 112 ಪ್ರಬಂಧಗಳು ಪ್ರಕಟವಾಗಿವೆ, ಎಚ್-ಸೂಚ್ಯಂಕ 31. ನನಗಿಂತ ಕಡಿಮೆ ಪ್ರಬಂಧಗಳಿರುವವರಿಗೆ ‘ವಿಜ್ಞಾನ ಯುವ–ಶಾಂತಿ ಸ್ವರೂಪ್ ಭಟ್ನಾಗರ್’ ಪುರಸ್ಕಾರ ಸಿಕ್ಕಿದೆ. ನಾಮನಿರ್ದೇಶನದಲ್ಲಿ ಇನ್ನೇನು ಬರೆಯಬೇಕು?

ಉತ್ತರ: ನಾಮನಿರ್ದೇಶನದ ಕಾಲ ಬಂದಾಗಲೆಲ್ಲ ಈ ಪತ್ರ ಅಂಕಿಗಳನ್ನಷ್ಟೇ ಬದಲಿಸಿಕೊಂಡು ನನ್ನ ಮೇಜಿಗೆ ಬರುತ್ತದೆ. ನಿಮ್ಮ ಪತ್ರದಲ್ಲಿ ಎಲ್ಲ ಲೆಕ್ಕವೂ ಇದೆ. ನೀವು ಏನನ್ನು ಕಂಡುಕೊಂಡಿರಿ ಎಂಬುದು ಮಾತ್ರ ಇಲ್ಲ. ವಿಜ್ಞಾನ ಯುವ ಎಂಬುದು ಕೇಂದ್ರ ಸರ್ಕಾರದ ರಾಷ್ಟ್ರೀಯ ವಿಜ್ಞಾನ ಪುರಸ್ಕಾರದಲ್ಲಿ 45 ವರ್ಷದವರೆಗಿನ ವಿಜ್ಞಾನಿಗಳಿಗಿರುವ ವಿಭಾಗ. ಇರುವುದು 13 ಕ್ಷೇತ್ರಗಳಿಗೆ ಸೇರಿ ಹೆಚ್ಚೆಂದರೆ 25 ಪುರಸ್ಕಾರ, 2024ರ ಮೊದಲ ಸುತ್ತಿನಲ್ಲಿ ಕೊಟ್ಟದ್ದು 18. ಅಷ್ಟು ಕಿರಿದಾದ ಬಾಗಿಲಿನಲ್ಲಿ 112 ಪ್ರಬಂಧಗಳ ಮೂಟೆ ಹೊತ್ತು ನಿಂತವರು ನೀವೊಬ್ಬರೇ ಅಲ್ಲ.

ಎಚ್-ಸೂಚ್ಯಂಕ 31 ಎಂದರೆ ತಲಾ ಕನಿಷ್ಠ 31 ಬಾರಿ ಉಲ್ಲೇಖಗೊಂಡ 31 ಪ್ರಬಂಧಗಳು ನಿಮ್ಮ ಹೆಸರಿನಲ್ಲಿವೆ ಎಂದಷ್ಟೇ. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಮುಂದಿಟ್ಟ ಈ ಅಳತೆಗೆ ಮೊದಲ ಲೇಖಕನಿಗೂ ಹದಿನೈದನೆಯವನಿಗೂ ವ್ಯತ್ಯಾಸ ತಿಳಿಯದು. ಇಂಪ್ಯಾಕ್ಟ್ ಫ್ಯಾಕ್ಟರ್ ಅಂತೂ ನಿಯತಕಾಲಿಕೆಯದು, ಪ್ರಬಂಧದ್ದಲ್ಲ. ಹಿಂದಿನ ಎರಡು ವರ್ಷಗಳಲ್ಲಿ ಅದರಲ್ಲಿ ಬಂದ ಲೇಖನಗಳು ಸರಾಸರಿ ಎಷ್ಟು ಬಾರಿ ಉಲ್ಲೇಖಗೊಂಡವು ಎಂಬ ಲೆಕ್ಕ ಅದು. ಆ ಸರಾಸರಿಯನ್ನು ಕೆಲವೇ ಲೇಖನಗಳು ಎತ್ತಿಹಿಡಿದಿರುತ್ತವೆ. ಅದನ್ನು ತಮ್ಮ ಪ್ರಬಂಧದ ಮುಂದೆ ಬರೆದುಕೊಳ್ಳುವವರು, ಆಗುಂಬೆಯ ಮಳೆಯನ್ನು ರಾಜ್ಯದ ಸರಾಸರಿಗೆ ಸೇರಿಸಿ ಚಳ್ಳಕೆರೆಯ ಹೊಲವೂ ನೆನೆದಿದೆ ಎನ್ನುವವರಂತೆ ನನಗೆ ಕಾಣುತ್ತಾರೆ.

ಕೆಲವು ಪ್ರಶಸ್ತಿ ಸಮಿತಿಗಳಲ್ಲಿ ಕುಳಿತ ಅನುಭವದಿಂದ ಹೇಳುತ್ತೇನೆ. ಅರ್ಜಿ ಕೈಗೆ ಬಂದೊಡನೆ ನಾನು ಅದನ್ನು ಮೂರು ಪಾಲು ಮಾಡುತ್ತೇನೆ: ಗೈಡ್ ಕೊಟ್ಟ ಪ್ರಶ್ನೆಯ ಮೇಲೆ ಮಾಡಿದ ಕೆಲಸ, ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ಸಂಶೋಧಕ) ಆಗಿದ್ದ ಕಡೆಯ ಪ್ರಯೋಗಾಲಯದಲ್ಲಿ ಅವರದೇ ಉಪಕರಣ, ಅವರದೇ ಯೋಜನೆಯೊಳಗೆ ಮಾಡಿದ ಕೆಲಸ, ಮತ್ತು ಸ್ವಂತ ಗುಂಪು ಕಟ್ಟಿದ ಮೇಲೆ ತಾವೇ ಎತ್ತಿಕೊಂಡ ಪ್ರಶ್ನೆ. ಮೂರನೆಯ ಪಾಲು ತೆಳುವಾಗಿದ್ದರೆ ಮೊದಲೆರಡು ಎಷ್ಟು ದಪ್ಪವಿದ್ದರೂ ಪ್ರಯೋಜನವಿಲ್ಲ. 1958ರಿಂದ ಕೊಡುತ್ತ ಬಂದಿದ್ದ ಹಳೆಯ ಭಟ್ನಾಗರ್ ಪ್ರಶಸ್ತಿ, ಹಿಂದಿನ 5 ವರ್ಷಗಳಲ್ಲಿ ಮುಖ್ಯವಾಗಿ ಭಾರತದಲ್ಲಿ ನಡೆದ ಕೆಲಸವನ್ನೇ ನೋಡುತ್ತಿತ್ತು. ಅದು ರಾಷ್ಟ್ರೀಯ ವಿಜ್ಞಾನ ಪುರಸ್ಕಾರದೊಳಗೆ ಸೇರಿಹೋದರೂ, ಆ ಕಣ್ಣಿನಿಂದಲೇ ನೋಡುವ ಪರಿಣತರು ಇನ್ನೂ ಇದ್ದಾರೆ, ನಾನೂ ಒಬ್ಬ.

ಆದ್ದರಿಂದ 112ರಲ್ಲಿ ನಾಲ್ಕನ್ನು ಆರಿಸಿ. ಈ ಕೆಲಸಕ್ಕೆ ಮೊದಲು ಏನು ತಿಳಿದಿರಲಿಲ್ಲ, ನೀವು ಏನನ್ನು ತೋರಿಸಿದಿರಿ, ಆ ಬಳಿಕ ನಿಮಗೆ ಪರಿಚಯವೇ ಇಲ್ಲದವರು ಅದನ್ನು ಯಾವುದಕ್ಕೆ ಬಳಸಿಕೊಂಡರು ಎಂಬುದನ್ನು, ನಿಮ್ಮ ಉಪಶಾಖೆಯವರಲ್ಲದ ರಸಾಯನಶಾಸ್ತ್ರಜ್ಞರಿಗೂ ಅರ್ಥವಾಗುವಂತೆ ಒಂದು ಪುಟದಲ್ಲಿ ಬರೆಯಿರಿ. ಸಹಲೇಖಕರಿದ್ದಲ್ಲಿ ಯಾವುದು ಅವರದು, ಯಾವುದು ನಿಮ್ಮದು ಎಂದು ಬಿಡಿಸಿ ಹೇಳಿ. ಮುಚ್ಚಿಟ್ಟದ್ದು ಬೇಗ ಕಾಣುತ್ತದೆ. ‘ಜಗತ್ತಿನಲ್ಲೇ ಮೊದಲು’ ಎಂದು ದಯವಿಟ್ಟು ಬರೆಯಬೇಡಿ. ಆ ಮಾತು ಕಂಡರೆ ನಾನು ಹಳೆಯ ಪ್ರಬಂಧಗಳನ್ನು ಹುಡುಕಲು ಕೂರುತ್ತೇನೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏನಾದರೂ ಸಿಗುತ್ತದೆ.

ಪ್ರಶ್ನೆ: ‘ಅಂತರರಾಷ್ಟ್ರೀಯ ಯುವ ವಿಜ್ಞಾನಿ’ ಪ್ರಶಸ್ತಿಗೆ ಆಯ್ಕೆಯಾಗಿದ್ದೇನೆಂದು ಇಮೇಲ್ ಬಂದಿದೆ. 5,500 ರೂಪಾಯಿ ನೋಂದಣಿ ಶುಲ್ಕ ಕಟ್ಟಬಹುದೇ?

ಉತ್ತರ: ಕಟ್ಟಿದರೆ ನಿಮಗೆ ಸಿಗುವುದು ಒಂದು ರಸೀದಿ, ಜೊತೆಗೊಂದು ಶಾಲು. ಇಂಥ ಅಂಗಡಿಗಳನ್ನು ತೆರೆದವರಿಗಿಂತ, ಬಡ್ತಿಯ ಅಂಕಗಳಿಗಾಗಿ ‘ಒಂದು ಇರಲಿ’ ಎಂದು ಕಿರಿಯರಿಗೆ ಸಲಹೆ ಕೊಡುವ ಹಿರಿಯ ಪ್ರಾಧ್ಯಾಪಕರ ಮೇಲೆ ನನಗೆ ಹೆಚ್ಚು ಸಿಟ್ಟು. ಸ್ವವಿವರದಲ್ಲಿ ಅಂಥ ಒಂದು ಸಾಲು ಕಂಡರೆ ಉಳಿದ ಸಾಲುಗಳನ್ನೂ ಅನುಮಾನದಿಂದಲೇ ಓದಬೇಕಾಗುತ್ತದೆ.

ಪ್ರಶ್ನೆ: ವಿಜ್ಞಾನ ಯುವ ಪುರಸ್ಕಾರದ ನಗದು ಎಷ್ಟು?

ಉತ್ತರ: ಇಲ್ಲ. ಸನ್ನದು ಮತ್ತು ಪದಕ. ಹಳೆಯ ಭಟ್ನಾಗರ್ ಪ್ರಶಸ್ತಿಗೆ 5 ಲಕ್ಷ ರೂಪಾಯಿ ಇತ್ತು.

ಪ್ರಶ್ನೆ: ನನಗೆ 45 ದಾಟಿ ಮೂರು ತಿಂಗಳಾಗಿದೆ. ಯಾರಿಂದಲಾದರೂ ಹೇಳಿಸಿದರೆ ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ಹೇಳಿಸುತ್ತೇನೆಂದು ಹಣ ಕೇಳುವವರನ್ನು ಮನೆಯೊಳಗೆ ಸೇರಿಸಬೇಡಿ. ಅದೇ ರಾಷ್ಟ್ರೀಯ ವಿಜ್ಞಾನ ಪುರಸ್ಕಾರದ ಇನ್ನೊಂದು ವಿಭಾಗವಾದ ‘ವಿಜ್ಞಾನ ಶ್ರೀ’ಯ ನಿಯಮಗಳನ್ನು ಓದಿಕೊಳ್ಳಿ.

ಪ್ರಶ್ನೆ: ಪಿಎಚ್.ಡಿ. ಮೂರನೆಯ ವರ್ಷದಲ್ಲಿದ್ದೇನೆ. ಈಗಿನಿಂದಲೇ ಇದಕ್ಕೆ ಹೇಗೆ ತಯಾರಾಗಲಿ?

ಉತ್ತರ: ಮೊದಲು ಥೀಸಿಸ್ ಸಲ್ಲಿಸಿ.